ಬಾಂಬಿನ ಲೆಕ್ಕ, ಮಿದುಳಿನ ಲೆಕ್ಕ

ಫಿಲಡೆಲ್ಫಿಯಾದ ‘ಎನಿಯಾಕ್’ ಗಣಕಯಂತ್ರವನ್ನು 1946ರ ಫೆಬ್ರುವರಿಯಲ್ಲಿ ಲೋಕಕ್ಕೆ ತೋರಿಸಲಾಯಿತು. ಸುಮಾರು 18 ಸಾವಿರ ವಾಲ್ವುಗಳ ಆ ದೈತ್ಯ ಅಷ್ಟರಲ್ಲಾಗಲೇ ತನ್ನ ಮೊದಲ ದೊಡ್ಡ ಲೆಕ್ಕ ಆರಂಭಿಸಿತ್ತು. ಅದು ಹೈಡ್ರೋಜನ್ ಬಾಂಬಿನ ಲೆಕ್ಕ, ವಿವರವೆಲ್ಲ ಗುಟ್ಟು.

ಈ ಲೆಕ್ಕ ಎನಿಯಾಕ್‌ಗೆ ಬರಲು ಕಾರಣರಾದವರು ಹಂಗೆರಿ ಮೂಲದ ಗಣಿತಜ್ಞ ಜಾನ್ ವಾನ್ ನಾಯ್ಮನ್. ಅಣುಬಾಂಬು ಜಪಾನಿನ ಯಾವ ಊರಿನ ಮೇಲೆ ಬೀಳಬೇಕೆಂದು 1945ರಲ್ಲಿ ಚರ್ಚಿಸಿದ ಸಮಿತಿಯಲ್ಲೂ ಅವರಿದ್ದರು. ಅದೇ ವರ್ಷದ ಜೂನ್‌ನಲ್ಲಿ ಅವರ ಹೆಸರಿನಲ್ಲಿ ಬಂದ ವರದಿಯೊಂದು, ಆದೇಶಗಳನ್ನೂ ಅಂಕಿಗಳನ್ನೂ ಒಂದೇ ಸ್ಮೃತಿಯಲ್ಲಿಡುವ ಕಂಪ್ಯೂಟರಿನ ಚಿತ್ರ ಬಿಡಿಸಿಟ್ಟಿತು. (ಜೊತೆಗೆ ದುಡಿದ ಎಕರ್ಟ್, ಮಾಕ್ಲಿಯವರ ಹೆಸರು ಅದರಲ್ಲಿರಲಿಲ್ಲ ಎಂಬುದು ಬೇರೆಯೇ ರಗಳೆ.) ಯಂತ್ರದ ಭಾಗಗಳನ್ನು ಅಲ್ಲಿ ನರಕೋಶಗಳಿಗೆ ಹೋಲಿಸಲಾಗಿತ್ತು. ಇಂದಿನ ಕೃತಕ ಬುದ್ಧಿಮತ್ತೆ ಓಡುವುದೂ ಬಹುಮಟ್ಟಿಗೆ ಆ ವಂಶದ ಯಂತ್ರಗಳಲ್ಲೇ.

ಬಾಂಬು, ಮಿದುಳು ಎರಡೂ ಅವರಿಗೆ ಬಿಡಿಸಬೇಕಾದ ಲೆಕ್ಕಗಳಾಗಿಯೇ ಕಂಡವೇನೋ. 1957ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ, ಕಂಪ್ಯೂಟರನ್ನೂ ಮಿದುಳನ್ನೂ ಹೋಲಿಸುವ ಅವರ ಉಪನ್ಯಾಸಗಳು ಅರ್ಧಕ್ಕೇ ನಿಂತಿದ್ದವು.