ಸಾಣಿಕಟ್ಟಾ ಉಪ್ಪು ಮತ್ತು ಆವರ್ತ ಕೋಷ್ಟಕ

ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಆಗರಗಳಲ್ಲಿ ಅಘನಾಶಿನಿ ಅಳಿವೆಯ ನೀರನ್ನು ಬಿಸಿಲಿಗೆ ಆರಿಸಿ ತೆಗೆದ ಉಪ್ಪು ಇದು. ಅಡುಗೆಗೂ ಮೀನು ಒಣಗಿಸಲೂ ಬೇಕು.

ಈ ಉಪ್ಪು ಯಾವುದರಿಂದ ಆಗಿದೆಯೆಂದು ತಿಳಿಯಲು ಆವರ್ತ ಕೋಷ್ಟಕದ ಮೂರನೇ ಸಾಲು ನೋಡಿ. ಎಡತುದಿಯಲ್ಲಿ ಸೋಡಿಯಂ (ಪರಮಾಣು ಸಂಖ್ಯೆ 11), ನೀರು ತಾಗಿದರೆ ಸಿಡಿಯುವ ಲೋಹ. ಬಲತುದಿಗೆ ಒಂದೇ ಮನೆ ಮೊದಲು ಕ್ಲೋರಿನ್ (17), ವಿಷಾನಿಲ. ಸೋಡಿಯಂನ ಹೊರಕವಚದಲ್ಲಿ ಎಲೆಕ್ಟ್ರಾನ್ ಒಂಟಿ. ಕ್ಲೋರಿನ್‌ಗೆ ಒಂದೇ ಕೊರತೆ. ಕೊಟ್ಟು ಪಡೆದರೆ ಊಟದ ಉಪ್ಪು!

1869ರಲ್ಲಿ ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್ ಈ ಕೋಷ್ಟಕದಲ್ಲಿ ಧಾತುಗಳನ್ನು ಪರಮಾಣು ತೂಕದಂತೆ ಜೋಡಿಸಿ, ಸಿಗದವುಗಳಿಗೆ ಮನೆ ಖಾಲಿ ಬಿಟ್ಟರು. ಈಗಿನ ಕ್ರಮ ಪರಮಾಣು ಸಂಖ್ಯೆಯದು, ಧಾತುಗಳು 118. ಮೇಲಿಂದ ಕೆಳಕ್ಕೆ ಒಂದೇ ಗುಂಪಿನವು ಗುಣದಲ್ಲಿ ದಾಯಾದಿಗಳು.

ಸೋಡಿಯಂ ಪಕ್ಕದ ಮನೆ ಗಮನಿಸಿ: ಮೆಗ್ನೀಸಿಯಂ (12). ಮಳೆಗಾಲದಲ್ಲಿ ಆಗರದ ಉಪ್ಪು ನೀರೊಡೆಯುವುದು ಮುಖ್ಯವಾಗಿ ಇದರ ಕ್ಲೋರೈಡಿನಿಂದ.