ರಾಚೆಸ್ಟರ್ (ನ್ಯೂಯಾರ್ಕ್ ರಾಜ್ಯ)

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೆನೆಸೀ ನದಿಯ ದಡದಲ್ಲಿರುವ ನಗರ. ಜನಸಂಖ್ಯೆ 2,11,328 (2020). 1950ರಲ್ಲಿ 3,32,488 ಇತ್ತು. ಬಿಳಿಯರ ಜತೆಗೆ ಕರಿಯರೂ ಪೋರ್ಟೊರಿಕೊ ಮೂಲದವರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹಿಂದೆ ನದಿಯ ಜಲಪಾತದ ಬಲದಿಂದ ಹಿಟ್ಟಿನ ಗಿರಣಿಗಳೂ ಈರಿ ಕಾಲುವೆಯಿಂದ ವ್ಯಾಪಾರವೂ ಬೆಳೆದವು.

ಊರಿನ ಏಳುಬೀಳು ಮಾತ್ರ ಫಿಲ್ಮ್ ತಯಾರಕ ಕೊಡಕ್ ಕಂಪನಿಯ ಏಳುಬೀಳಿನೊಂದಿಗೇ ಬೆಸೆದಿತ್ತು. ಜಾರ್ಜ್ ಈಸ್ಟ್‌ಮನ್ ಕಟ್ಟಿದ ಈ ಸಂಸ್ಥೆ 1980ರ ದಶಕದ ಆರಂಭದಲ್ಲಿ ಇಲ್ಲಿಯೇ ಸುಮಾರು 60,000 ಮಂದಿಗೆ ಕೆಲಸ ಕೊಟ್ಟಿತ್ತು. 1975ರಲ್ಲಿ ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿ ಸಿದ್ಧವಾದದ್ದೂ ಇಲ್ಲೇ. ಆ ತಂತ್ರಜ್ಞಾನವೇ ಮುಂದೆ ಫಿಲ್ಮ್ ಉದ್ಯಮವನ್ನು ನುಂಗಿದ್ದು ನೋವಿನ ಸಂಗತಿ. 2012ರಲ್ಲಿ ಕೊಡಕ್ ದಿವಾಳಿ ಅರ್ಜಿ ಸಲ್ಲಿಸಿತು.

ಈಗ ರಾಚೆಸ್ಟರ್ ವಿಶ್ವವಿದ್ಯಾಲಯ ಮತ್ತು ಅದರ ಆಸ್ಪತ್ರೆಗಳೇ ಅತಿ ದೊಡ್ಡ ಉದ್ಯೋಗದಾತರು. ದೃಗ್ವಿಜ್ಞಾನದ ಉದ್ಯಮ ಉಳಿದಿದೆ. ಮಕ್ಕಳ ಬಡತನ ತೀವ್ರವಾಗಿದೆ. ಕಿವುಡರ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಿಂದಾಗಿ ಸಂಜ್ಞಾಭಾಷೆ ಬಳಸುವವರ ದೊಡ್ಡ ಸಮುದಾಯವೂ ಇಲ್ಲಿ ನೆಲೆಸಿದೆ.