ಕುಲೀನರು ಮತ ಹಾಕಿ ಬಿಟ್ಟುಕೊಟ್ಟ ಅಧಿಕಾರ

ಅಧಿಕಾರವನ್ನು ಕಿತ್ತುಕೊಂಡವರ ಕಥೆಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ಕೈಯಲ್ಲಿದ್ದ ಅಧಿಕಾರವನ್ನು ತಾವೇ ಮತ ಹಾಕಿ ಬಿಟ್ಟುಕೊಟ್ಟವರ ಕಥೆ ಮಾತ್ರ ಬಹಳ ವಿರಳ. 1865ರ ಡಿಸೆಂಬರ್ 7ರಂದು ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಅಂಥದೊಂದು ಘಟನೆ ನಡೆಯಿತು. ಹುಟ್ಟಿನ ಬಲದಿಂದಲೇ ಸಂಸತ್ತಿನಲ್ಲಿ ಸ್ಥಾನ ಪಡೆಯುತ್ತಿದ್ದ ಕುಲೀನರು ತಮ್ಮ ಭವನದಲ್ಲಿ ಸೇರಿ, ಆ ಹಕ್ಕನ್ನು ರದ್ದುಪಡಿಸುವ ಮಸೂದೆಯನ್ನು 294ರ ವಿರುದ್ಧ 361 ಮತಗಳಿಂದ ಅಂಗೀಕರಿಸಿದರು. ರಕ್ತಪಾತವಾಗಲಿಲ್ಲ, ಯಾರ ತಲೆಯೂ ಉರುಳಲಿಲ್ಲ. ಇದು ಹೇಗೆ ಸಾಧ್ಯವಾಯಿತು? ಅವರು ಬಿಟ್ಟುಕೊಟ್ಟ ಅಧಿಕಾರ ಯಾರ ಕೈ ಸೇರಿತು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದರೆ ನಾವು ಸುಮಾರು ಆರು ಶತಮಾನಗಳಷ್ಟು ಹಿಂದಕ್ಕೆ ಹೋಗಬೇಕು.

ಕುದುರೆ, ಕವಚ ಮತ್ತು ಕಣಜದ ಬೀಗ

1280ರ ಸುಮಾರಿಗೆ ದೊರೆ ಮಾಗ್ನುಸ್ ಬಿರ್ಗರ್‌ಸನ್ ಆಲ್ಸ್‌ನ್ಯೋ ಎಂಬಲ್ಲಿ ಒಂದು ಶಾಸನ ಹೊರಡಿಸಿದ. ಕುದುರೆ, ಕವಚಗಳೊಂದಿಗೆ ರಾಜನ ಸೈನ್ಯಕ್ಕೆ ಸೇವೆ ಸಲ್ಲಿಸುವವರು ಕಂದಾಯ ಕೊಡಬೇಕಾಗಿಲ್ಲ ಎಂದು ಅದು ಸಾರಿತು. ಸ್ವೀಡನ್ನಿನ ಕುಲೀನ ವರ್ಗಕ್ಕೆ ಕಾನೂನಿನ ತಳಹದಿ ಸಿಕ್ಕಿದ್ದು ಅಲ್ಲಿಂದ. ಅದೇ ಶಾಸನದಲ್ಲಿ ಇನ್ನೊಂದು ಮಾತೂ ಇತ್ತು. ಪ್ರಯಾಣದಲ್ಲಿರುವ ದೊಡ್ಡ ಮನುಷ್ಯರು ರೈತರ ಮನೆಗೆ ನುಗ್ಗಿ ಬಿಟ್ಟಿ ಊಟ, ಬಿಟ್ಟಿ ಮೇವು ಪಡೆಯುವಂತಿಲ್ಲ ಎಂದು ಅದು ನಿಷೇಧಿಸಿತ್ತು. ಆ ದೊರೆಗೆ 'ಲಾದುಲೋಸ್', ಅಂದರೆ ಕಣಜಕ್ಕೆ ಬೀಗ ಹಾಕಿದವನು ಎಂಬ ಅಡ್ಡಹೆಸರು ಬಂದದ್ದು ಇದರಿಂದಲೇ ಎಂದು ಹೇಳುತ್ತಾರೆ. ಒಂದೇ ಶಾಸನ ಕುಲೀನನಿಗೆ ಕಂದಾಯದಿಂದ ವಿನಾಯಿತಿ ಕೊಟ್ಟಿತು, ರೈತನಿಗೆ ಕುಲೀನನಿಂದ ರಕ್ಷಣೆಯನ್ನೂ ಕೊಟ್ಟಿತು. ಮುಂದಿನ ಸ್ವೀಡನ್ನಿನ ಚರಿತ್ರೆಯೆಲ್ಲ ರಾಜ, ಕುಲೀನ ಮತ್ತು ರೈತ ಈ ಮೂವರ ನಡುವಿನ ಜಗ್ಗಾಟವೇ ಆಗಿದೆ.

ಈ ಜಗ್ಗಾಟದಲ್ಲಿ ಕುಲೀನರು ಸದಾ ಗೆದ್ದವರೇನಲ್ಲ. 1520ರ ನವೆಂಬರ್‌ನಲ್ಲಿ ಡೆನ್ಮಾರ್ಕಿನ ದೊರೆ ಎರಡನೇ ಕ್ರಿಶ್ಚಿಯನ್ ಸ್ಟಾಕ್‌ಹೋಮನ್ನು ವಶಪಡಿಸಿಕೊಂಡು, ಸುಮಾರು ಎಂಬತ್ತಕ್ಕೂ ಹೆಚ್ಚು ಕುಲೀನರನ್ನೂ ಬಿಷಪ್‌ರನ್ನೂ ನಗರದ ಗಣ್ಯರನ್ನೂ ಕೊಲ್ಲಿಸಿದ. ಸತ್ತವರಲ್ಲೊಬ್ಬನ ಮಗ ಗುಸ್ತಾವ್ ವಾಸಾ. ಅವನು ದಾಲಾರ್ನಾ ಪ್ರಾಂತ್ಯದ ರೈತರನ್ನು ಸಂಘಟಿಸಿ ದಂಗೆಯೆದ್ದು 1523ರಲ್ಲಿ ದೊರೆಯಾದ. ಸ್ವತಃ ಕುಲೀನನಾದ ಅವನನ್ನು ಸಿಂಹಾಸನದವರೆಗೆ ಹೊತ್ತು ತಂದದ್ದು ರೈತರ ಭುಜಗಳು.

ನಾಲ್ಕನೆಯ ಆಸನ

ಯುರೋಪಿನ ಬಹುತೇಕ ದೇಶಗಳಲ್ಲಿ ಪ್ರಜಾವರ್ಗಗಳ ಸಭೆ ಎಂದರೆ ಕುಲೀನರು, ಪಾದ್ರಿಗಳು ಮತ್ತು ನಗರವಾಸಿಗಳು, ಈ ಮೂರು ವರ್ಗಗಳ ಸಭೆ. ಸ್ವೀಡನ್ನಿನ 'ರಿಕ್ಸ್‌ಡಾಗ್' ಎಂಬ ಸಭೆಯಲ್ಲಿ ರೈತರಿಗೆ ನಾಲ್ಕನೆಯ ಆಸನವಿತ್ತು. ಕುಲೀನರ ಜಮೀನಿನಲ್ಲಿ ಗೇಣಿಗೆ ದುಡಿಯುವವರಿಗೆ ಅಲ್ಲಿ ಪ್ರವೇಶವಿರಲಿಲ್ಲ ಎಂಬುದನ್ನೂ ನಾವು ಮರೆಯಬಾರದು. ಆದರೂ ಕಂದಾಯ ಕಟ್ಟುವ ರೈತನೊಬ್ಬ ದೇಶದ ಸಭೆಯಲ್ಲಿ ಕುಳಿತು ಮಾತನಾಡಬಹುದಿತ್ತು ಎಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಈ ಆಸನದ ಬೆಲೆ ಗೊತ್ತಾದದ್ದು ಹದಿನೇಳನೇ ಶತಮಾನದಲ್ಲಿ. ದೊರೆ ಗುಸ್ತಾವ್ ಅಡಾಲ್ಫ್ ಮತ್ತು ಅವನ ಮಹಾಮಂತ್ರಿ ಅಕ್ಸೆಲ್ ಊಕ್ಸೆನ್‌ಶೆರ್ನಾ ಕುಲೀನರನ್ನು ಆಡಳಿತದ ಬೆನ್ನೆಲುಬಾಗಿ ರೂಪಿಸಿದರು. 1626ರಲ್ಲಿ ಕುಲೀನರ ಸಭೆಗೆ ನಿಯಮಗಳನ್ನು ರಚಿಸಲಾಯಿತು. ಯುದ್ಧಗಳು ಮುಗಿಯಲಿಲ್ಲ, ಬೊಕ್ಕಸ ಬರಿದಾಯಿತು. ಹಣಕ್ಕಾಗಿಯೂ ಸೇವೆಯ ಪ್ರತಿಫಲವಾಗಿಯೂ ಅರಮನೆ ತನ್ನ ಭೂಮಿಯನ್ನು, ಅದರ ಕಂದಾಯವನ್ನು ಕುಲೀನರಿಗೆ ಬಿಟ್ಟುಕೊಡುತ್ತಾ ಹೋಯಿತು. ರಾಣಿ ಕ್ರಿಸ್ಟೀನಾಳ ಕಾಲಕ್ಕೆ ದೇಶದ ಅರ್ಧಕ್ಕಿಂತ ಹೆಚ್ಚು ಭೂಮಿ ಅವರ ಹಿಡಿತದಲ್ಲಿತ್ತು. ಬಾಲ್ಟಿಕ್ ಸಮುದ್ರದ ಆಚೆ ದಡದ ಲಿವೋನಿಯಾದಲ್ಲಿ ರೈತರು ಜೀತದಾಳುಗಳಾಗಿ ಬದುಕುತ್ತಿದ್ದರು. ತಮಗೂ ಅದೇ ಗತಿ ಬರಬಹುದೆಂದು ಸ್ವೀಡನ್ನಿನ ರೈತರು ಹೆದರಿದರು.

1650ರ ರಿಕ್ಸ್‌ಡಾಗ್‌ನಲ್ಲಿ ಪಾದ್ರಿಗಳು, ನಗರವಾಸಿಗಳು ಮತ್ತು ರೈತರು ಒಂದಾಗಿ, ಕೊಟ್ಟ ಭೂಮಿಯನ್ನು ಹಿಂದಕ್ಕೆ ಪಡೆಯಬೇಕೆಂದು ಒತ್ತಾಯಿಸಿದರು. ರಾಣಿ ಈ ಒತ್ತಾಯವನ್ನೇ ತೋರಿಸಿ ಕುಲೀನರನ್ನು ಬೆದರಿಸಿ, ಉತ್ತರಾಧಿಕಾರದ ವಿಷಯದಲ್ಲಿ ತನ್ನ ಇಷ್ಟವನ್ನು ಸಾಧಿಸಿಕೊಂಡಳು. ಆಮೇಲೆ ರೈತರ ಬೇಡಿಕೆಯನ್ನು ಬದಿಗೆ ಸರಿಸಿದಳು. ಆದರೆ ಒಮ್ಮೆ ಸಭೆಯಲ್ಲಿ ಎದ್ದ ಮಾತು ಹಾಗೇ ಉಳಿಯಿತು. 1680ರಲ್ಲಿ ದೊರೆ ಹನ್ನೊಂದನೇ ಕಾರ್ಲ್ ಅದೇ ಬೇಡಿಕೆಯನ್ನು ಕೈಗೆತ್ತಿಕೊಂಡ. ಸಂಬಳವನ್ನೇ ನಂಬಿದ್ದ ಸಣ್ಣ ಕುಲೀನರೂ ದೊಡ್ಡ ಮನೆತನಗಳ ವಿರುದ್ಧ ನಿಂತರು. ಅಪಾರ ಭೂಮಿ ಮತ್ತೆ ಬೊಕ್ಕಸಕ್ಕೆ ಸೇರಿತು. ಕೊನೆಗೆ ಅರಮನೆ, ಕುಲೀನರು, ರೈತರು ಹೆಚ್ಚುಕಡಿಮೆ ಮೂರನೇ ಒಂದೊಂದು ಪಾಲಿನ ಒಡೆಯರಾದರು. ಇದಕ್ಕೆ ದೇಶ ತೆತ್ತ ಬೆಲೆಯೂ ಇದೆ. ದೊರೆ ನಿರಂಕುಶನಾದ. ಅವನ ಮಗ ಹನ್ನೆರಡನೇ ಕಾರ್ಲ್ 1718ರಲ್ಲಿ ಸಾಯುವ ತನಕ ದೇಶವನ್ನು ಯುದ್ಧದಲ್ಲಿ ಬಸವಳಿಸಿದ.

ಇದೇ ಕಾಲದ ಡೆನ್ಮಾರ್ಕನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 1660ರಲ್ಲಿ ಕೋಪನ್‌ಹೇಗನ್ನಿನ ಸಭೆಯಲ್ಲಿ ತೆರಿಗೆ ಕೊಡಲು ಕುಲೀನರು ಹಿಂದೆ ಮುಂದೆ ನೋಡಿದರು. ನಗರವಾಸಿಗಳು ಮತ್ತು ಪಾದ್ರಿಗಳು ದೊರೆ ಮೂರನೇ ಫ್ರೆಡರಿಕ್‌ನ ಬೆನ್ನಿಗೆ ನಿಂತು ರಾಜ್ಯವನ್ನು ವಂಶಪಾರಂಪರ್ಯವಾಗಿ ಅವನಿಗೆ ಒಪ್ಪಿಸಿದರು. ಕುಲೀನರ ರಾಜಕೀಯ ಬಲ ಅಲ್ಲೂ ಮುರಿಯಿತು. ಆದರೆ ಆ ಸಭೆಯಲ್ಲಿ ರೈತರಿಗೆ ಆಸನವಿರಲಿಲ್ಲ. ಲಾಭವೂ ಅವರ ಪಾಲಿಗೆ ಬರಲಿಲ್ಲ. 1733ರಲ್ಲಿ ರೈತರ ಗಂಡುಮಕ್ಕಳು ಹುಟ್ಟಿದ ಜಮೀನುದಾರಿಯನ್ನು ಬಿಟ್ಟು ಹೋಗದಂತೆ ಕಟ್ಟಿಹಾಕುವ ಕಾನೂನು ಬಂತು. ಅದು ಹೋಗಲು 1788 ಬರಬೇಕಾಯಿತು.

ಗುಂಡಿನ ಸದ್ದು, ಮತದ ಎಣಿಕೆ

ಹನ್ನೆರಡನೇ ಕಾರ್ಲ್‌ನ ನಂತರ, 1719ರಿಂದ 1772ರ ವರೆಗೆ ಸ್ವೀಡನ್ನಿನಲ್ಲಿ ಸಭೆಯದೇ ಆಳ್ವಿಕೆ. ಪ್ರತಿಯೊಂದು ಕುಲೀನ ಮನೆತನದ ಹಿರಿಯನಿಗೂ ಮತವಿತ್ತು. 'ಟೋಪಿ' ಮತ್ತು 'ಕುಲಾವಿ' ಎಂಬ ಅರ್ಥದ ಹೆಸರುಗಳ ಎರಡು ಪಕ್ಷಗಳು ಹುಟ್ಟಿದವು. ಒಂದಕ್ಕೆ ಫ್ರಾನ್ಸಿನ ಹಣ, ಇನ್ನೊಂದಕ್ಕೆ ರಷ್ಯಾದ ಹಣ. ಬಡ ಕುಲೀನರ ಮತಗಳು ಮಾರಾಟವಾದವು. ಆದರೂ ಇದೇ ಕಾಲದಲ್ಲಿ, 1766ರಲ್ಲಿ, ಮುದ್ರಣ ಸ್ವಾತಂತ್ರ್ಯದ ಕಾನೂನು ಬಂತು. ಅದಕ್ಕಾಗಿ ದುಡಿದವರಲ್ಲಿ ಪ್ರಮುಖ ಆಂದರ್ಸ್ ಶಿದೇನಿಯುಸ್, ಫಿನ್‌ಲೆಂಡಿನ ಒಬ್ಬ ಪಾದ್ರಿ.

1772ರಲ್ಲಿ ಮೂರನೇ ಗುಸ್ತಾವ್ ಕ್ಷಿಪ್ರಕ್ರಾಂತಿಯಿಂದ ಅಧಿಕಾರವನ್ನು ತನ್ನ ಕಡೆಗೆ ಎಳೆದುಕೊಂಡ. 1789ರಲ್ಲಿ ಅವನು ಉಳಿದ ಮೂರು ವರ್ಗಗಳನ್ನು ಕೂಡಿಕೊಂಡು, ವಿರೋಧಿಸಿದ ಕುಲೀನ ಮುಖಂಡರನ್ನು ಬಂಧಿಸಿ, ಉನ್ನತ ಹುದ್ದೆಗಳಲ್ಲಿ ಬಹುಪಾಲನ್ನು ಎಲ್ಲರಿಗೂ ತೆರೆದ. 1792ರ ಮಾರ್ಚ್‌ನಲ್ಲಿ ಅಪೆರಾ ಭವನದ ಮುಖವಾಡದ ಕುಣಿತದಲ್ಲಿ ಆಂಕರ್‌ಸ್ಟ್ರೋಮ್ ಎಂಬ ಕುಲೀನ ಅವನ ಮೇಲೆ ಗುಂಡು ಹಾರಿಸಿದ. ದೊರೆ ಸತ್ತ, ಆದರೆ ಕಳೆದುಹೋದ ಹಕ್ಕುಗಳು ಮರಳಲಿಲ್ಲ.

ಹೀಗೆ 1865ರ ಹೊತ್ತಿಗೆ ಕುಲೀನರ ಕೈಯಲ್ಲಿ ಉಳಿದಿದ್ದ ದೊಡ್ಡ ಹಕ್ಕೆಂದರೆ ಸಭೆಯಲ್ಲಿನ ಆಸನವೊಂದೇ. ಸುಧಾರಣೆಯ ಮಸೂದೆ ತಂದ ಲೂಯಿ ದೆ ಯೇರ್ ಸ್ವತಃ ಅದೇ ವರ್ಗದವನು. ನಗರವಾಸಿಗಳೂ ರೈತರೂ ಆಗಲೇ ಒಪ್ಪಿದ್ದರು. ಹೊರಗೆ ಜನ ಕಾಯುತ್ತಿದ್ದರು. ಕುಲೀನರ ಉದಾರತೆಯನ್ನು ನಾವು ಅಲ್ಲಗಳೆಯಬೇಕಾಗಿಲ್ಲ. ಆದರೆ ನಾಲ್ಕನೆಯ ಆಸನದಲ್ಲಿ ಕುಳಿತವರ ಶತಮಾನಗಳ ಹಟ ಇಲ್ಲದಿದ್ದರೆ ಆ ಉದಾರತೆಗೆ ಸಂದರ್ಭವೇ ಒದಗುತ್ತಿರಲಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಬಿಟ್ಟುಕೊಟ್ಟ ಅಧಿಕಾರ ನೇರವಾಗಿ ಜನರ ಕೈಗೆ ಬರಲಿಲ್ಲ. ಹೊಸ ಸಂಸತ್ತಿನ ಮೇಲ್ಮನೆಗೆ ಸ್ಪರ್ಧಿಸಲು 80,000 ರಿಕ್ಸ್‌ಡಾಲರ್ ಬೆಲೆಯ ಸ್ಥಿರಾಸ್ತಿ, ಇಲ್ಲವೇ ವರ್ಷಕ್ಕೆ 4,000 ಆದಾಯ ಇರಬೇಕಿತ್ತು. ಕೆಳಮನೆಯ ಮತದಾನಕ್ಕೂ ಆಸ್ತಿ, ಆದಾಯಗಳ ಷರತ್ತಿತ್ತು. ಸ್ಥಳೀಯ ಚುನಾವಣೆಗಳಲ್ಲಂತೂ ಹೆಚ್ಚು ತೆರಿಗೆ ಕಟ್ಟುವವನಿಗೆ ಹೆಚ್ಚು ಮತ. ಕೆಲವು ಹಳ್ಳಿಗಳಲ್ಲಿ ಒಬ್ಬನೇ ವ್ಯಕ್ತಿಯ ಮತ ಇಡೀ ಊರಿನ ಉಳಿದವರ ಮತಕ್ಕಿಂತ ಹೆಚ್ಚಿತ್ತು. ಹುಟ್ಟು ಎದ್ದುಹೋದ ಕುರ್ಚಿಯಲ್ಲಿ ಹಣ ಬಂದು ಕುಳಿತಿತ್ತು. ಗಂಡಸರಿಗೆ ವ್ಯಾಪಕ ಮತಾಧಿಕಾರ 1909ರ ಸುಧಾರಣೆಯಿಂದ ಬಂತು. ಹೆಂಗಸರು ಸಂಸತ್ತಿನ ಚುನಾವಣೆಯಲ್ಲಿ ಮೊದಲು ಮತ ಹಾಕಿದ್ದು 1921ರಲ್ಲಿ.

ಇದು ಅನಿವಾರ್ಯವಾಗಿತ್ತೇ? ನೆರೆಯ ಫಿನ್‌ಲೆಂಡ್ ಅಲ್ಲ ಎನ್ನುತ್ತದೆ. ಸ್ವೀಡನ್ನಿನಿಂದ ಬಂದ ನಾಲ್ಕು ವರ್ಗಗಳ ಸಭೆಯನ್ನೇ ಇಟ್ಟುಕೊಂಡಿದ್ದ ಆ ದೇಶ, ರಷ್ಯಾದ ಚಕ್ರವರ್ತಿಯ ಅಧೀನದಲ್ಲಿದ್ದರೂ, 1905ರ ಮಹಾಮುಷ್ಕರದ ನಂತರ, 1906ರಲ್ಲಿ, ಒಂದೇ ನೆಗೆತಕ್ಕೆ ಗಂಡು ಹೆಣ್ಣೆನ್ನದೆ ಎಲ್ಲ ವಯಸ್ಕರಿಗೂ ಮತ ಕೊಟ್ಟಿತು.

ಸ್ಟಾಕ್‌ಹೋಮಿನ ಕುಲೀನರ ಭವನ ಇಂದಿಗೂ ಇದೆ. ಅದರ ಗೋಡೆಗಳ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಮನೆತನಗಳ ಲಾಂಛನಗಳಿವೆ. ಕಾನೂನಿನಲ್ಲಿ ಅವರಿಗೆ ಉಳಿದಿದ್ದ ಚೂರುಪಾರು ಸವಲತ್ತುಗಳೂ 2003ರಲ್ಲಿ ಕೊನೆಗೊಂಡವು. ಹುಟ್ಟಿನಿಂದ ಬಂದ ಮೇಲರಿಮೆ ಇನ್ನೂ ಬಿಟ್ಟುಹೋಗದ ಸಮಾಜಗಳಲ್ಲಿ ಬದುಕುವ ನಾವು ಈ ಚರಿತ್ರೆಯನ್ನು ಓದುವಾಗ 361 ಮತಗಳನ್ನಷ್ಟೇ ಎಣಿಸಿ ಸುಮ್ಮನಾಗಬಾರದು. ಸಭೆಯಲ್ಲಿ ಯಾರಿಗೆ ಆಸನವಿತ್ತು, ಖಾಲಿಯಾದ ಕುರ್ಚಿಯಲ್ಲಿ ಆಮೇಲೆ ಯಾರು ಕುಳಿತರು ಎಂಬುದನ್ನೂ ಕೇಳಿಕೊಳ್ಳಬೇಕು.